ಮನೆಯಳಿಯನ ರಹವಾಸಿ ಕಾಗದ

ಹೆಣ್ಣಿಗೆ ಅಕ್ಕಿಕಾಳು ಬಿದ್ದ ಗಳಿಗೆಯಿಂದ ಗಂಡನ ಊರು ತನ್ನೂರಾಗುತ್ತದೆ; ಗಂಡಸಿಗೆ ಒಂಬತ್ತು ವರ್ಷ ಕಳೆದರೂ ಹೆಂಡತಿಯ ಊರು ತನ್ನೂರಾಗುವುದಿಲ್ಲ. ಇದೆಂಥ ನ್ಯಾಯವೆಂದು ಗೋಣೆಪ್ಪ ವಾರದಿಂದ ಕುದಿಯುತ್ತಿದ್ದ. ಅವನು ಹುಟ್ಟಿದ್ದು ಇಂಗ್ರೇಜಿ ಸರಕಾರದ ಹಿರೇಕೆರೂರಿನಲ್ಲಿ, ಮನೆಯಳಿಯನಾಗಿ ಬಂದು ಸೇರಿದ್ದು ಸವಣೂರು ಸಂಸ್ಥಾನವನ್ನು. ನಡುವೆ ಮೋಟಾರಿನಲ್ಲಿ ಅರ್ಧ ದಿನದ ಹಾದಿ ಅಷ್ಟೆ. ಆದರೆ ಹೋದ ವಾರ ಡಂಗುರ ಸಾರಿದವನು ಆ ಹಾದಿಯನ್ನು ಏಳು ಸಮುದ್ರ ಮಾಡಿಬಿಟ್ಟ. ಹೊರಗಿನಿಂದ ಬಂದವರೆಲ್ಲ ಇಲ್ಲಿ ನೆಲೆಸಲು ರಹವಾಸಿ ಕಾಗದ ಪಡೆಯಬೇಕು. ಮದುವೆಯ ಆಧಾರದ ಮೇಲೆ ಕೇಳುವವನು ಒಂದು ವರ್ಷ ಎಡೆಬಿಡದೆ ಸಂಸ್ಥಾನದೊಳಗೆ ಹೆಂಡತಿಯ ಜೊತೆ ಬಾಳಿದ್ದಕ್ಕೆ ಸಾಕ್ಷಿ ತರಬೇಕು. ಇಲ್ಲದಿದ್ದರೆ ತಿಂಗಳೊಳಗೆ ಗಂಟುಮೂಟೆ ಕಟ್ಟಬೇಕು.

ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಹಿರೇಕೆರೂರಿನ ಅಣ್ಣ ಉಳಿವೆಪ್ಪ, ಮನೆಯಳಿಯನಾಗಿ ಹೋದವನಿಗೆ ಇಲ್ಲಿ ಜಾಗವಿಲ್ಲವೆಂದು ತಮ್ಮನ ಕೋಣೆಯಲ್ಲಿ ಎಮ್ಮೆ ಕಟ್ಟಿದ್ದ. ಈ ಸಂಗತಿ ತನಗೆ ಮಾತ್ರ ಗೊತ್ತೆಂದು ಗೋಣೆಪ್ಪ ನಂಬಿದ್ದ. ಓಣಿಗೆ ಗೊತ್ತಿದ್ದುದೇ ಬೇರೆ. ತಿಂಗಳಿಗೆರಡು ಸಲ ಹೆಂಡತಿ ಹೊಳೆವ್ವನ ಜೊತೆ ಜಗಳವಾದಾಗ (ಕಾರಣ ಬಹುತೇಕ ಸಾರಿನ ಉಪ್ಪು) ಅವನು ರುಮಾಲು ಸುತ್ತಿ, ಓಣಿಯ ನಡುವೆ ನಿಂತು, "ನಾ ನಮ್ಮೂರಿಗೆ ಹೊಂಟೇನಿ, ನನಗೇನ ಗತಿ ಇಲ್ಲನ?" ಎಂದು ಗುಡುಗಿ ಹೊರಡುತ್ತಿದ್ದ. ಮರುದಿನ ಸಂಜೆ ಮಹಾಕೃಪೆ ಮಾಡಿದವನಂತೆ ಮರಳುತ್ತಿದ್ದ.

ಕಚೇರಿಯಲ್ಲಿ ನೆರೆಮನೆಯ ಫಕ್ಕೀರಪ್ಪನೇ ಸಾಕ್ಷಿ. ಪಾಪ, ಸ್ನೇಹಿತನ ಮಾನ ಹೆಚ್ಚಿಸಲೆಂದೇ ಅವನು ಬಾಯಿಬಿಟ್ಟ.

"ಗೋಣೆಪ್ಪನವರು ಭಾಳ ಮಾನವಂತರ್ರಿ ಸಾಹೇಬ್ರ. ತಿಂಗಳಿಗೆ ಎರಡ ಸಲ ಹೆಂಡ್ತಿನ ಬಿಟ್ಟ ತಮ್ಮೂರಿಗೆ ಹೊಕ್ಕಾರ. ಓಣಿಗೆ ಓಣೀನ ನೋಡೇತಿ."

ಕಾರಕೂನರು ಲೇಖನಿ ಕೆಳಗಿಟ್ಟರು. ಹಾಗಾದರೆ ವಾಸ ಕಡಿದಂತಾಯಿತು, ಕಾಗದ ಸಿಗುವುದಿಲ್ಲ ಎಂದರು. ಎಮ್ಮೆಯ ಪಕ್ಕದಲ್ಲಿ ತಾನು ಮುದುಕನಾಗುವುದು ಗೋಣೆಪ್ಪನ ಕಣ್ಣಿಗೆ ಕಟ್ಟಿತು. ನಿಜ ಹೇಳಿದರೆ ಊರು ಉಳಿಯುತ್ತದೆ, ಮಾನ ಹೋಗುತ್ತದೆ. ಅವನು ಇನ್ನೂ ತೂಗಿ ನೋಡುತ್ತಿರುವಾಗಲೇ ಪಕ್ಕದಲ್ಲಿ ಕುಳಿತಿದ್ದ ಹೊಳೆವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಇವ್ರು ಎಲ್ಲೂ ಹೋಗಿಲ್ರಿ. ಕರೀಮಸಾಬರ ಎಲಿತೋಟದ ಗುಡಿಸಲಾಗ ಕುಂತಿರ್ತಾರ. ಹೊತ್ತ ಹೊತ್ತಿಗೆ ರೊಟ್ಟಿ ನಾನ ಮುಟ್ಟಸ್ತೇನಿ."

ಬಾಗಿಲಲ್ಲಿ ನೆರೆದಿದ್ದ ಓಣಿಯವರು ನಗು ತಡೆದು ಕೆಮ್ಮತೊಡಗಿದರು. ಗೋಣೆಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಆ ರೊಟ್ಟಿಯನ್ನು ಖಾನಾವಳಿಯದೆಂದು ಹೇಳಿ ಕರೀಮಸಾಬರು ಕೊಡುತ್ತಿದ್ದರು. ಇಂಥ ರೊಟ್ಟಿ ನನ್ನ ಹೆಂಡತಿಗೆ ಏಳು ಜನ್ಮಕ್ಕೂ ಬಾರದೆಂದು ಇವನು ಹೊಗಳಿ ತಿನ್ನುತ್ತಿದ್ದ. ತೋಟ ಸಂಸ್ಥಾನದ ಗಡಿಯೊಳಗೇ ಇದೆಯೇ ಎಂದು ಕಾರಕೂನರು ವಿಚಾರಿಸಿದರು. ಇತ್ತು. ನಿಜವೇ ಎಂದು ಗೋಣೆಪ್ಪನನ್ನು ಕೇಳಿದರು. ಅವನು ನೆಲ ನೋಡುತ್ತ ಹೌದೆಂದು ತಲೆಯಾಡಿಸಿದ. ಕಾಗದದ ಮೇಲೆ ಸರಕಾರಿ ಠಸ್ಸೆ ಬಿತ್ತು.

ಮನೆಗೆ ಬಂದು ರುಮಾಲು ಬಿಚ್ಚುತ್ತ ಗೋಣೆಪ್ಪ ಹೆಂಡತಿಯನ್ನು ಕೇಳಿದ: "ಗೊತ್ತಿದ್ದ ಮ್ಯಾಲ ಒಂದಿನರ ಯಾಕ ಕರಿಯಾಕ ಬರಲಿಲ್ಲ?"

"ಕರಿಯಾಕ ಬಂದ್ರ ನೀವು ಹಟಕ್ಕ ಬಿದ್ದ ಖರೇನ ಹಿರೇಕೆರೂರ ಮೋಟಾರ ಹತ್ತತಿದ್ರಿ," ಎಂದಳು ಹೊಳೆವ್ವ. "ಅಲ್ಲಿ ನಿಮಗ ಯಾರ ಅದಾರ್ರಿ?"

ಎಮ್ಮೆಯ ಸಂಗತಿಯೂ ಅವಳಿಗೆ ಗೊತ್ತಿತ್ತು. ಗೋಣೆಪ್ಪನಿಗೆ ಅಳು ಬಂತು, ಅದಕ್ಕಾಗಿಯೇ ಸಿಟ್ಟೂ ಬಂತು. ದಡಬಡನೆ ಎದ್ದು ಹೊಸ್ತಿಲು ದಾಟಿದ. ಕಟ್ಟೆಯ ಮೇಲಿದ್ದ ಫಕ್ಕೀರಪ್ಪ ಕಾಲು ಹಿಂದಕ್ಕೆಳೆದು ದಾರಿ ಬಿಟ್ಟು, ಬಹಳ ಮರ್ಯಾದೆಯಿಂದ ಕೇಳಿದ: "ತೋಟಕ್ಕೇನ್ರಿ?"

ಗೋಣೆಪ್ಪ ಒಳಗೆ ಬಂದು ಕುಳಿತ. ಇರುವುದಕ್ಕೆ ಊರು ಸಿಕ್ಕಿತ್ತು. ಸಿಟ್ಟಾಗಿ ಹೋಗುವುದಕ್ಕೆ ಇನ್ನು ಯಾವ ಊರೂ ಉಳಿದಿರಲಿಲ್ಲ.