ವರ್ಷಕ್ಕೆ ಎಷ್ಟು ಸಲ ಹೋಗ್ತೀರಿ?

“ಹದಿನೈದು ದಿನ ಟೈಮ್ ಕೊಡು. ಮರ್ಯಾದಸ್ಥರು ವರ್ಷಕ್ಕೆ ಎಷ್ಟು ಸಲ ಊರು ಬಿಡ್ತಾರೆ ಅನ್ನೋದನ್ನ ಲೆಕ್ಕ ಸಮೇತ ಸಾಬೀತು ಮಾಡಿ ತೋರಿಸ್ತೀನಿ!” ಎಂದು ಬ್ಯಾಗಣ್ಣ ಊಟದ ತಟ್ಟೆಯ ಮುಂದೆ ಕುಳಿತು ಘೋಷಿಸಿದ.

ಘೋಷಿಸುವ ಅಧಿಕಾರ ಅವನಿಗಿತ್ತು. ಬಸ್ ನಿಲ್ದಾಣದ ಎದುರಿಗೇ ಇಪ್ಪತ್ತೆರಡು ವರ್ಷದಿಂದ ಅವನ ಬ್ಯಾಗಿನ ಅಂಗಡಿ. ಊರಿನಲ್ಲಿ ಯಾರೇ ಎಲ್ಲಿಗೇ ಹೊರಟರೂ ಅವನು ಮಾರಿದ ಚಕ್ರಗಳ ಮೇಲೆಯೇ ಉರುಳಬೇಕು; ಹಿಡಿ ಕಿತ್ತುಬಂದರೆ, ಜಿಪ್ಪು ಬಾಯಿ ಬಿಟ್ಟರೆ ಮತ್ತೆ ಅವನ ಕಾಲಬುಡಕ್ಕೇ ಬರಬೇಕು. ಹೀಗೆ ಊರಿಗೆ ಊರನ್ನೇ ಹೊರಡಿಸಿದ ಮಹಾನುಭಾವ ತನ್ನ ಸಂಸಾರವನ್ನು ಕರೆದುಕೊಂಡು ಹೊರಟದ್ದು ಎರಡೇ ಸಲ. ಒಮ್ಮೆ ಭಾವಮೈದುನನ ಮದುವೆಗೆ. ಇನ್ನೊಮ್ಮೆ ಅದೇ ಭಾವಮೈದುನ ಕಾಲು ಮುರಿದುಕೊಂಡಾಗ.

“ಅದು ಪ್ರವಾಸ ಅಲ್ಲ ರೀ, ಹಾಜರಿ,” ಎಂದಳು ಹೆಂಡತಿ. “ಹೋದ್ವಿ, ಮುಖ ತೋರಿಸಿದ್ವಿ, ಬಂದ್ವಿ. ಈ ರಜೆ ಮುಗಿದ್ರೆ ಮಗಳು ಹಾಸ್ಟೆಲ್ಲಿಗೆ ಹೋಗ್ತಾಳೆ. ಆಮೇಲೆ ನಾವು ಕರೆದ್ರೂ ಗೆಳತಿಯರ ಜೊತೆ ಹೋಗ್ತೀನಿ ಅಂತಾಳೆ. ಸಮುದ್ರ ತೋರಿಸು ಅಂತ ಮೂರನೇ ಕ್ಲಾಸಿನಿಂದ ಕೇಳ್ತಿದ್ದ ಹುಡುಗಿ. ನಾಲ್ಕು ದಿನ ಅಂಗಡಿ ಮುಚ್ಚೋಕೆ ಆಗಲ್ವಾ?”

“ರಜೆಯಲ್ಲಿ ಬ್ಯಾಗಿನಂಗಡಿ ಮುಚ್ಚೋದು ಅಂದ್ರೆ ಮಳೆಗಾಲದಲ್ಲಿ ಕೊಡೆ ಅಂಗಡಿ ಮುಚ್ಚಿದ ಹಾಗೆ ಕಣೇ!”

“ಹಾಗಾದ್ರೆ ವರ್ಷಾ ವರ್ಷಾ ಹೋಗೋರೆಲ್ಲ ಹುಚ್ಚರಾ?”

“ಯಾರು ಹೋಗ್ತಾರೆ? ಎಲ್ಲ ಬಾಯಿಮಾತು. ನಮ್ಮ ಹಾಗೆ ಇರೋರೇ ಜಾಸ್ತಿ. ವಿಚಾರಿಸಿ ಬರೆದಿಡ್ತೀನಿ. ಸೋತ್ರೆ ಮಾರನೇ ದಿನವೇ ಸಮುದ್ರ!”

ಮಗಳು ಕೈ ತೊಳೆಯಲು ಎದ್ದಳು.

ಮರುದಿನ ಬಾಗಿಲು ತೆರೆದದ್ದೇ ತಡ, ಸಂಶೋಧನೆ ಶುರುವಾಯಿತು. ಮೊದಲ ಗಿರಾಕಿ ಒಬ್ಬ ಕಂಟ್ರಾಕ್ಟರು. “ನಾವಾ? ವರ್ಷಕ್ಕೆ ಮೂರು ಸಲ!” ಎಂದು ಎದೆಯುಬ್ಬಿಸಿದರು. ಬ್ಯಾಗಣ್ಣ ಅವರು ರಿಪೇರಿಗೆ ತಂದಿದ್ದ ಬ್ಯಾಗನ್ನು ಬೋರಲು ಹಾಕಿದ. ಚಕ್ರಗಳು ಹುಟ್ಟಿದಾಗ ಹೇಗಿದ್ದವೋ ಹಾಗೇ ಇದ್ದವು. ಮೂಸಿದ. ನುಸಿಗುಳಿಗೆಯ ವಾಸನೆ.

“ಸ್ವಾಮೀ, ಇದು ಅಟ್ಟದಿಂದ ಮಂಚದ ಕೆಳಕ್ಕೆ, ಮಂಚದ ಕೆಳಗಿಂದ ಅಟ್ಟಕ್ಕೆ ಬಿಟ್ಟು ಇನ್ನೆಲ್ಲಿಗೂ ಪ್ರಯಾಣ ಮಾಡಿಲ್ಲ.”

ಕಂಟ್ರಾಕ್ಟರು ಅತ್ತಿತ್ತ ನೋಡಿ, “ಕಂಬಳಿ ಇಡೋಕೆ ಒಳ್ಳೇದಾಗಿದೆ ಮಾರಾಯ,” ಎಂದರು.

ಬ್ಯಾಗಣ್ಣನಿಗೆ ಆನೆಬಲ ಬಂತು! ಟೀಚರಮ್ಮ ಎರಡು ವರ್ಷಕ್ಕೊಮ್ಮೆ ಹೋಗುತ್ತಾರಂತೆ, ಎಲ್ಲಿಗೆಂದರೆ ತವರಿಗೆ. ಹಾಜರಿ! ಔಷಧಿ ಅಂಗಡಿಯವರು ಹೋಗಿದ್ದರಂತೆ. ಆದರೆ ಗಂಡ ಹೆಂಡತಿ ಅಲ್ಲಿ ಜಗಳವಾಡಿ ಬೇರೆ ಬೇರೆ ಬಸ್ಸಿನಲ್ಲಿ ಬಂದರಂತೆ. ಅರ್ಧ ಅಂಕ! ಪಕ್ಕದ ಬೀದಿಯ ಟೈಲರು ಮಾತ್ರ ಹೊಸ ಬ್ಯಾಗನ್ನೇ ಕೊಂಡ. ಎಲ್ಲಿಗೆ ಹೊರಟೆ ಎಂದರೆ, “ಎಲ್ಲಿಗೂ ಇಲ್ಲ. ಮನೇಲಿ ಒಂದು ಬ್ಯಾಗ್ ಕಣ್ಣಿಗೆ ಬೀಳ್ತಿದ್ರೆ ಯಾವತ್ತೋ ಒಂದಿನ ಹೊರಡ್ತೀವಿ ಅನ್ಸುತ್ತೆ ಅಣ್ಣ,” ಎಂದ. ಬ್ಯಾಗಣ್ಣ ಅವನನ್ನು ‘ಎಂದೂ ಹೋಗದವರು’ ಎಂಬ ಸಾಲಿಗೆ ಸೇರಿಸಿದ. ಸೇರಿಸಿದ ಮೇಲೆ ಯಾಕೋ ಅಷ್ಟು ಖುಷಿಯಾಗಲಿಲ್ಲ. ಗೆಲ್ಲಬೇಕಾದವನು ಅಂಥದ್ದಕ್ಕೆಲ್ಲ ಪುರುಸೊತ್ತು ಮಾಡಿಕೊಳ್ಳಬಾರದೆಂದು ಪುಟ ತಿರುಗಿಸಿದ.

ವ್ಯಾಪಾರಿಯ ಬುದ್ಧಿ, ಅರೆಬರೆ ಮಾಹಿತಿ ಒಪ್ಪುವುದಿಲ್ಲ. ದಿನ ಕಳೆದಂತೆ ಪ್ರಶ್ನೆಗಳೂ ಮೊನಚಾದವು. ಯಾವತ್ತು ಹೊರಡ್ತೀರಿ? ಯಾವತ್ತು ವಾಪಸ್? ಎಲ್ಲರೂ ಹೋಗ್ತೀರಾ, ಮನೇಲಿ ಅಜ್ಜಿ ಗಿಜ್ಜಿ ಯಾರಾದ್ರೂ ಉಳೀತಾರಾ? ಯಾವ ಬೀದಿ? ಉತ್ತರವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಚಂದದ ಅಕ್ಷರದಲ್ಲಿ ಬರೆದ.

ಒಂಬತ್ತನೆಯ ದಿನ ದಪ್ಪ ಕನ್ನಡಕದ ಅಮ್ಮನೊಬ್ಬರು ಹಿಡಿ ಹಾಕಿಸಲು ಬಂದರು. ಎಲ್ಲ ಪ್ರಶ್ನೆಗೂ ನಗುನಗುತ್ತ ಉತ್ತರಿಸಿದರು. ಮನೆಗೆ ಹೋದರು. ಯೋಚಿಸಿದರು. ಅಲ್ಲಿಂದ ನೆಟ್ಟಗೆ ಪೊಲೀಸ್ ಠಾಣೆಗೆ ನಡೆದರು!

ಮಧ್ಯಾಹ್ನದ ಹೊತ್ತಿಗೆ ಬ್ಯಾಗಣ್ಣ ಇನ್ಸ್‌ಪೆಕ್ಟರ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದ. ಅವರು ನೋಟ್‌ಬುಕ್ಕನ್ನು ಗಟ್ಟಿಯಾಗಿ ಓದುತ್ತಿದ್ದರು.

“‘ಹಿಂದಿನ ಬೀದಿ ಡಾಕ್ಟರು. ಆರನೇ ತಾರೀಖಿನಿಂದ ಹತ್ತು ದಿನ. ಮನೆಗೆ ಬೀಗ. ನಾಯಿಯೂ ಜೊತೆಗೆ.’ ಏನಯ್ಯಾ ಇದು?”

“ಸಂಶೋಧನೆ ಸಾರ್.”

“ನಾಯಿ ವಿಷಯ ನಿಂಗ್ಯಾಕೆ?”

“ನಮ್ಮ ಸಂಸಾರದಲ್ಲಿ ನಾಯಿನೂ ಲೆಕ್ಕಕ್ಕಿದೆ ಅಂತ ಡಾಕ್ಟರೇ ಬರೆಸಿದ್ರು ಸಾರ್!”

“ಕಳ್ಳರೂ ಮೊದಲು ನಾಯಿನೇ ವಿಚಾರಿಸೋದು.”

ಬ್ಯಾಗಣ್ಣ ಬೆವರು ಒರೆಸಿಕೊಳ್ಳುತ್ತ ನಡೆದದ್ದನ್ನೆಲ್ಲ ಹೇಳಿದ. ಪ್ರವಾಸ ಹೋಗುವುದನ್ನು ತಪ್ಪಿಸಿಕೊಳ್ಳಲು ಊರವರ ಪ್ರವಾಸವನ್ನೆಲ್ಲ ಬರೆದಿಟ್ಟ ಮನುಷ್ಯನನ್ನು ಇನ್ಸ್‌ಪೆಕ್ಟರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅವನ ಹೆಂಡತಿಗೆ ಹೇಳಿಕಳಿಸಿದರು.

“ಏನಮ್ಮಾ, ಇವರು ಹೇಳ್ತಿರೋದು ನಿಜಾನಾ?”

“ನಿಜ ಸಾರ್. ಬೇರೆಯವರ ಮನೆಗೆ ನುಗ್ಗೋಕೆ ಇವರಿಗೆ ಪುರುಸೊತ್ತೆಲ್ಲಿ? ಸ್ವಂತ ಮನೆಗೇ ಸರಿಯಾಗಿ ಬರಲ್ಲ.”

ಕಾನ್‌ಸ್ಟೇಬಲ್ಲು ಗೋಡೆಯ ಕಡೆ ತಿರುಗಿ ನಕ್ಕ. ಇನ್ಸ್‌ಪೆಕ್ಟರು ನಗಲಿಲ್ಲ. ನೋಟ್‌ಬುಕ್ ಮುಚ್ಚಿ ಅದರ ಮೇಲೆ ಕೈಯಿಟ್ಟರು.

“ನಂದೂ ಇದೇ ಕಥೆ ಕಣಯ್ಯ. ರಜೆ ಬಂತು ಅಂದ್ರೆ ಡ್ಯೂಟಿ. ನನ್ನ ಮಗಳು ಕೇಳ್ತಿದ್ಲು, ಕೇಳ್ತಿದ್ಲು, ಒಂದಿನ ಕೇಳೋದು ಬಿಟ್ಲು. ಪರವಾಗಿಲ್ಲ, ಬುದ್ಧಿ ಬಂತು ಅಂದ್ಕೊಂಡೆ. ಈಗ ಬರ್ತಾಳೆ, ಎರಡು ದಿನ ನಿದ್ದೆ ಮಾಡಿ ಹೋಗ್ತಾಳೆ. ಕೇಳ್ತಿರೋವಾಗ್ಲೇ ಕರ್ಕೊಂಡು ಹೋಗ್ಬಿಡ್ಬೇಕು.”

ಬ್ಯಾಗಣ್ಣನಿಗೆ ತಟ್ಟನೆ ಏನೋ ಹೊಳೆಯಿತು. ಮಗಳು ಈ ವರ್ಷ ಕೇಳಿರಲೇ ಇಲ್ಲ. ಹೋದ ವರ್ಷವೂ ಇಲ್ಲ. ಕೇಳಿದ್ದು ಅವಳ ಅಮ್ಮ.

“ನಾಳೆನೇ ಹೊರಡ್ತೀವಿ ಸಾರ್!” ಎಂದು ಕೂಗಿಬಿಟ್ಟ.

“ನಾಳೆ ಆಗಲ್ಲ. ಡಾಕ್ಟರು ವಾಪಸ್ ಬಂದು ಮನೆ ನೋಡಿ ಎಲ್ಲ ಸರಿಯಿದೆ ಅನ್ನೋವರೆಗೂ ನೀನು ಊರು ಬಿಡೋ ಹಾಗಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ಸಹಿ ಹಾಕು.”

“ಈಗ ತಾನೇ ಕರ್ಕೊಂಡು ಹೋಗು ಅಂದ್ರಲ್ಲ ಸಾರ್!”

“ಅದು ಒಬ್ಬ ಅಪ್ಪ ಹೇಳಿದ್ದು. ಇದು ಇನ್ಸ್‌ಪೆಕ್ಟರು ಹೇಳ್ತಿರೋದು.”

ಹೊರಗೆ ಬಂದ ಮೇಲೆ ಹೆಂಡತಿ ಒಂದೇ ಮಾತು ಹೇಳಿದಳು. “ರಜೆ ನಿಮ್ಮ ಸಹಿಗೋಸ್ಕರ ಕಾಯಲ್ಲ. ನಾವಿಬ್ಬರೂ ಹೋಗ್ತೀವಿ.”

ಹೋದರು. ಮನೆಯಲ್ಲಿದ್ದ ಒಂದೇ ಬ್ಯಾಗನ್ನು ಬಸ್ಸಿಗೆ ಹತ್ತಿಸಿದವನು ಬ್ಯಾಗಣ್ಣನೇ. “ನೀವು ಹೋಗಲ್ವಾ?” ಎಂದು ಕೇಳಿದ ಕಂಡಕ್ಟರಿಗೆ ಹೆಂಡತಿ, “ಪೊಲೀಸರು ಬಿಡಲ್ಲ,” ಎಂದು ಸತ್ಯವನ್ನೇ ಹೇಳಿದಳು. ಇಡೀ ಬಸ್ಸು ಕಿಟಕಿಗೆ ಬಂತು.

ಆ ಮೂರು ದಿನ ವ್ಯಾಪಾರ ಭರ್ಜರಿಯಾಗಿತ್ತು. ಬ್ಯಾಗಣ್ಣ ಯಾರನ್ನೂ ಏನೂ ಕೇಳಲಿಲ್ಲ. ಕೇಳದಿದ್ದರೂ ಅವರೇ ಹೇಳುತ್ತಿದ್ದರು. ಒಬ್ಬರು ಮಕ್ಕಳಿಗೆ ಬೆಟ್ಟ ತೋರಿಸುತ್ತಾರಂತೆ, ಇನ್ನೊಬ್ಬರು ಸುಮ್ಮನೆ ರೈಲಿನಲ್ಲಿ ಹೋಗಿ ರೈಲಿನಲ್ಲೇ ಬರುತ್ತಾರಂತೆ. ಎಷ್ಟು ಸಲ ಹೋದರೆ ಸರಿ ಎಂದು ಅವರ್ಯಾರಿಗೂ ಗೊತ್ತಿದ್ದಂತಿರಲಿಲ್ಲ. ಗೊತ್ತಿಲ್ಲದೆಯೇ ಹೋಗಿ ಬರುತ್ತಿದ್ದರು, ಪುಣ್ಯಾತ್ಮರು.

ನಾಲ್ಕನೆಯ ಬೆಳಿಗ್ಗೆ ಠಾಣೆಯಲ್ಲಿ ಡಾಕ್ಟರು ನಾಯಿಯ ಸಮೇತ ಕುಳಿತಿದ್ದರು. ಬೀಗ ಗಟ್ಟಿ, ಮನೆ ಭದ್ರ. ಇನ್ಸ್‌ಪೆಕ್ಟರು ಗಡಿಯಾರ ನೋಡಿ, “ಹನ್ನೊಂದಕ್ಕೆ ಬಸ್ಸಿದೆ. ಓಡು!” ಎಂದರು. ಈ ಸಲ ಯಾರು ಹೇಳಿದ್ದು, ಅಪ್ಪನೋ ಇನ್ಸ್‌ಪೆಕ್ಟರೋ ಎಂದು ಕೇಳುವಷ್ಟು ಪುರುಸೊತ್ತಿರಲಿಲ್ಲ. ಹೆಂಡತಿ ಮಗಳು ಮರುದಿನ ವಾಪಸ್ ಹೊರಡುವವರು. ಉಳಿದದ್ದು ಒಂದು ಸಂಜೆ.

ಓಡಿದ! ಬಸ್ಸಿನ ಎಂಜಿನ್ನು ಗುರುಗುಟ್ಟುತ್ತಿತ್ತು. ಅಂಗಡಿಗೆ ನುಗ್ಗಿ, ಮೇಲಿನ ಸಾಲಿನಲ್ಲಿ ಹೊಟ್ಟೆ ತುಂಬಿಕೊಂಡು ಕೂತಿದ್ದ ನೀಲಿ ಬ್ಯಾಗೊಂದನ್ನು ಎಳೆದುಕೊಂಡು, ಶಟರ್ ಎಳೆದು ಬಸ್ಸು ಹತ್ತಿದ. ಬ್ಯಾಗನ್ನು ತೊಡೆಯ ಮೇಲೆ ಕೂರಿಸಿಕೊಂಡು ರಾಜನ ಹಾಗೆ ಕುಳಿತ.

“ಎಲ್ಲಿಗೆ?” ಎಂದರು ಪಕ್ಕದವರು.

“ಸಮುದ್ರಕ್ಕೆ. ಫ್ಯಾಮಿಲಿ ಟ್ರಿಪ್ಪು.”

“ವರ್ಷಾ ವರ್ಷಾ ಹೋಗ್ತೀರಾ?”

ಬ್ಯಾಗಣ್ಣ ಬ್ಯಾಗಿನ ಮೇಲಿನ ಧೂಳು ಒರೆಸತೊಡಗಿದ.

ಐದು ಗಂಟೆಗೆ ಮರಳಿನ ಮೇಲೆ ಅವನನ್ನು ಮೊದಲು ಕಂಡದ್ದು ಮಗಳು. “ಅಪ್ಪಾ! ಪೊಲೀಸರು ಬಿಟ್ರಾ?” ಎಂದು ಕಿರುಚುತ್ತ ಓಡಿಬಂದಳು. ಸುತ್ತಲಿದ್ದವರು ತಮ್ಮ ಚೀಲಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಮಗಳಿಗೆ ಅದರ ಪರಿವೆಯೇ ಇಲ್ಲ. ಅಪ್ಪನ ಕೈ ಹಿಡಿದು ದರದರನೆ ನೀರಿಗೆ ಎಳೆದಳು. ಮೂರನೇ ಕ್ಲಾಸಿನ ಹುಡುಗಿ ಎಳೆದ ಹಾಗೆಯೇ ಇತ್ತು. ಮೊದಲ ಅಲೆ ಮೊಣಕಾಲಿಗೆ. ಎರಡನೆಯದು ಸೊಂಟಕ್ಕೆ. ಮೂರನೆಯದು ಯಾವ ಮುನ್ಸೂಚನೆಯೂ ಕೊಡದೆ ತಲೆಯ ಮೇಲೇ ಬಂತು!

ಉಪ್ಪುನೀರು ಉಗುಳುತ್ತ ದಡಕ್ಕೆ ಬಂದಾಗ ಹಲ್ಲು ಕಟಕಟ ಎನ್ನುತ್ತಿತ್ತು.

“ಶೀತ ಆಗುತ್ತೆ, ಬಟ್ಟೆ ಬದಲಾಯಿಸಿ,” ಎಂದು ಹೆಂಡತಿ ನೀಲಿ ಬ್ಯಾಗಿನ ಜಿಪ್ಪೆಳೆದಳು. ಕೈ ಹಾಕಿದಳು. ಒಂದು ಕಾಗದದ ಉಂಡೆ ಬಂತು. ಇನ್ನೊಂದು ಬಂತು. ತಳದವರೆಗೂ ಹಳೇ ಪೇಪರು! ಗಿರಾಕಿಯ ಕಣ್ಣಿಗೆ ದುಂಡಗೆ ಕಾಣಲೆಂದು ಅಂಗಡಿಯಲ್ಲಿ ಬ್ಯಾಗಣ್ಣ ತಾನೇ ಕೈಯಾರೆ ತುರುಕಿಟ್ಟದ್ದು. ಆರು ಗಂಟೆ ತೊಡೆಯ ಮೇಲೆ ಕೂರಿಸಿಕೊಂಡು ತಂದದ್ದೂ ಅದನ್ನೇ.

ಹೆಂಡತಿ ಉಂಡೆಗಳನ್ನೂ ಗಂಡನನ್ನೂ ಒಂದೊಂದಾಗಿ ನೋಡಿದಳು.

“ರೀ, ಇಪ್ಪತ್ತೆರಡು ವರ್ಷ ಬ್ಯಾಗ್ ಮಾರಿದ್ರಿ. ಅದರೊಳಗೆ ಬಟ್ಟೆ ಹಾಕ್ತಾರೆ ಅಂತ ಒಬ್ಬ ಗಿರಾಕಿನೂ ಹೇಳ್ಲಿಲ್ವಾ?”

ಮಗಳು ನಕ್ಕು ನಕ್ಕು ಮರಳಿನ ಮೇಲೇ ಕುಸಿದಳು. ಕಣ್ಣೊರೆಸಿಕೊಂಡು, “ಅಪ್ಪಾ, ಮುಂದಿನ ರಜೆಗೆ ನಾನು ಬರೋವರೆಗೂ ನೀನು ಯಾವ ಬ್ಯಾಗೂ ಮುಟ್ಬೇಡ. ನಾನೇ ತುಂಬ್ತೀನಿ,” ಎಂದಳು.

ಹೆಂಡತಿಯ ಹೂವಿನ ಟವೆಲನ್ನು ಸುತ್ತಿಕೊಂಡು ಗಡಗಡ ನಡುಗುತ್ತಿದ್ದ ಬ್ಯಾಗಣ್ಣ, “ಆಗಲಮ್ಮ,” ಎಂದ.