ಅತ್ತೆಯ ಕೈಗೆ ಹುಟ್ಟು ಸಿಕ್ಕಾಗ

ನಮ್ಮ ಸೋದರತ್ತೆಯ ಜೊತೆ ಹಳೆಯ ಗುಡಿ ನೋಡಲು ಹೋದವರಲ್ಲಿ ಎರಡೇ ಬಗೆ: ಇನ್ನೊಮ್ಮೆ ಹೋಗುವುದಿಲ್ಲವೆಂದು ಆಣೆ ಮಾಡಿದವರು, ಮತ್ತು ನಾನು!

ಅತ್ತೆ ಹಗರಿಬೊಮ್ಮನಹಳ್ಳಿಯಲ್ಲಿ ಕನ್ನಡ ಶಾಲೆಯ ಅಕ್ಕೋರು. ಕೆತ್ತಿದ ಕಲ್ಲು ಕಂಡರೆ ಸಾಕು, ಮೈಮೇಲೆ ದೇವರು ಬಂದ ಹಾಗೆ. ಕೋಗಳಿಯಲ್ಲಿ ಶಾಸನದ ಕಲ್ಲಿನ ಮೇಲೆ ಸೀರೆ ಒಣಹಾಕಿದ್ದ ಹೆಂಗಸನ್ನು ನಿಲ್ಲಿಸಿಕೊಂಡು ಒಂದು ತಾಸು ಇತಿಹಾಸ ಹೇಳಿದಳು. ಆಕೆ ತಲೆಯಾಡಿಸುತ್ತಾ ಎಲ್ಲ ಕೇಳಿ, ಸೀರೆ ಮುಟ್ಟಿ ನೋಡಿ, "ಒಣಗೈತಿ ಬಿಡ್ರಿ" ಎಂದು ಮಡಚಿಕೊಂಡು ಹೋದಳು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ, ನಾನಾಗ ಕಾಲೇಜು ಹುಡುಗಿ, ಅತ್ತೆ ನನ್ನನ್ನು ಹಂಪಸಾಗರದ ಹತ್ತಿರ ಹೊಳೆಗೆ ಎಳೆದೊಯ್ದಳು. ಡ್ಯಾಮಿನ ಹಿನ್ನೀರು ಇಳಿದು, ಎಂದೋ ಮುಳುಗಿದ್ದ ಊರೊಂದರ ಗುಡಿ ಮೇಲೆದ್ದಿದೆಯಂತೆ. ನಡುವೆ ನೀರು. ದಾಟಲು ಹರಿಗೋಲು. ನನಗೋ ಈಜು ಬಾರದು!

"ಅತ್ತಿ, ನಿನಗರ ಈಜು ಬರ್ತೈತೇನು?"

"ಈಜಾಕ ಎಲ್ಲಿ ಹೊಂಟೀವಲೇ? ಕುಂತು ಹೋಗೋದೈತಿ."

ಹರಿಗೋಲಿನಲ್ಲಿ ಕೂತೆವು. ತಳದಲ್ಲಿ ನೀರು ಕಂಡಿತು. "ಸೋರ್ತೈತೇನ್ರಿ?" ಎಂದೆ.

"ಸೋರಂಗಿಲ್ರಿ" ಎಂದ ಅಂಬಿಗ. "ಹೊರಗಿನ ನೀರು ಒಂಚೂರು ಒಳಗ ಬರ್ತೈತಿ, ಅಷ್ಟ."

ನಟ್ಟನಡುವೆ ಅತ್ತೆ ಅವನ ಕೈಯಿಂದ ಹುಟ್ಟು ಕಸಿದಳು.

"ಬ್ಯಾಡ್ರಿ ಅಕ್ಕೋರ!"

"ರೊಟ್ಟಿ ಬಡಿಯೋ ಕೈಗೆ ಇದೇನು ದೊಡ್ಡದು?"

ಹರಿಗೋಲು ನಿಜಕ್ಕೂ ರೊಟ್ಟಿಯ ಹಾಗೆಯೇ ಗರಗರ ತಿರುಗಿತು! ಗಾಳಿ ಎದ್ದಿತು, ಅಲೆ ಒಳಕ್ಕೆ ಹಾರಿತು. ನಾನು ಕಣ್ಣು ಮುಚ್ಚಿ, ಮನೆದೇವರಿಂದ ಹಿಡಿದು ಪಕ್ಕದ ಮನೆಯವರ ದೇವರ ತನಕ ಹರಕೆ ಹೊತ್ತೆ. ಅಂಬಿಗ ಹುಟ್ಟು ಕಿತ್ತುಕೊಂಡು ಹೇಗೋ ಆಚೆ ದಡ ಮುಟ್ಟಿಸಿದ.

ಇನ್ನು ಪಾಠ ಶುರು ಎಂದುಕೊಂಡೆ. ಅತ್ತೆ ಗುಡಿಯ ಕಡೆ ತಿರುಗಿಯೂ ನೋಡಲಿಲ್ಲ. ಅದರ ಮಗ್ಗುಲಲ್ಲಿ, ಗೋಡೆಯೇ ಉಳಿಯದ ಒಂದು ಮನೆಯ ಕೆಸರು ಮೆತ್ತಿದ ಮೆಟ್ಟಿಲ ಮುಂದೆ ನಿಂತಳು. ಸೆರಗಿನಿಂದ ಒರೆಸಿದಳು.

"ಇದು ನಮ್ಮನಿ. ನಿಮ್ಮಜ್ಜಿ ದಿನಾ ಮುಂಜಾನಿ ಇಲ್ಲೇ ಕುಂದ್ರಿಸಿ ನನಗ ಜಡಿ ಹಾಕ್ತಿದ್ಲು. ನೀರು ಬರ್ತೈತಿ, ಊರು ಬಿಡ್ರಿ ಅಂದ್ರಲ್ಲ, ಅವತ್ತೂ ಹಾಕಿದ್ಲು."

ಅಲ್ಲಿಯವರೆಗೆ ಅತ್ತೆ ಈ ಊರಿನ ಮಾತೇ ಎತ್ತಿರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತು ತುರುಬಿನ ಪಿನ್ನು ತೆಗೆದಳು. ಅರ್ಧ ನರೆತ ಕೂದಲು ಬೆನ್ನಿಗೆ ಬಿತ್ತು. ನಾನು ಮೇಲಿನ ಮೆಟ್ಟಿಲಿಗೆ ಹೋಗಿ ಕೂತು ಮೂರು ಪಾಲು ಮಾಡಿ ಹೆಣೆಯತೊಡಗಿದೆ.

"ಮೆತ್ತಗ, ಯವ್ವಾ, ನೋಯ್ತೈತಿ" ಎಂದಳು ಅತ್ತೆ.

ನನಗೆ ಹೇಳಿದ್ದಲ್ಲ.