ಕೊಟ್ಟೂರಿನಲ್ಲೊಂದು ಮಳೆಕಾಡು

ನನ್ನ ತಮ್ಮ ಆಮೆಯ ಹಾಸಿಗೆಯನ್ನು ತಿಂದು ನೋಡುತ್ತಾನೆ. ನಂಬುವುದಿಲ್ಲವೇ? ಅರವತ್ತೆಂಟನೆಯ ವಯಸ್ಸಿನಲ್ಲಿ, ಹಾಡಹಗಲಲ್ಲಿ, ಹಲ್ಲಿನ ಸೆಟ್ ಹಾಕಿಕೊಂಡು! ಒಂದು ಚಿಟಿಕೆ ಬಾಯಿಗಿಟ್ಟು, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಹೊರಳಿಸಿ ಜಡ್ಜ್‌ಮೆಂಟ್ ಕೊಡುತ್ತಾನೆ: "ಇನ್ನೊಂದು ಚೆಂಬು ನೀರು ಬೇಕಕ್ಕ."

ತಪ್ಪು ಅವನದಲ್ಲ, ಪ್ರೊಫೆಷನ್ನಿನದು. ಕೊಟ್ಟೂರಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಅವನ ಕೆಲಸವೆಂದರೆ ಚೀಲದಿಂದ ಶೇಂಗಾ ತೆಗೆದು, ಕಿವಿಯ ಬಳಿ ಅಲುಗಾಡಿಸಿ, ಒಡೆದು, ಕಚ್ಚಿ, ಮಾಲು ಹಸಿಯೋ ಒಣಗಿದೆಯೋ ಹೇಳುವುದು. ಹೆಣ್ಣು ನೋಡಲು ಹೋದ ಮನೆಯಲ್ಲಿ ಶೇಂಗಾ ಉಂಡೆ ಕಚ್ಚಿ "ಮಾಲು ಹಸಿ ಐತಿ" ಎಂದನಂತೆ. ಅಲ್ಲಿಗೆ ಮದುವೆಯ ಚಾಪ್ಟರ್ ಕ್ಲೋಸ್!

ಕಾರವಾರದಲ್ಲಿ ನಮ್ಮ ಯಜಮಾನರು ತೀರಿಕೊಂಡ ಮೇಲೆ, ಹೋದ ಚಳಿಗಾಲದಲ್ಲಿ, ನಾನು ಅವರ ಆಮೆಯನ್ನು ಎತ್ತಿಕೊಂಡು ಈ ಬ್ರಹ್ಮಚಾರಿಯ ಮನೆಗೆ ಬಂದೆ. ಪರದೇಶದ ಕೆಂಪು ಕಾಲಿನ ಜಾತಿ. ಕಾಗದಪತ್ರವೆಲ್ಲ ಪಕ್ಕಾ. ನನ್ನ ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಿದೆ, ಅದರ ಕಾಗದದಲ್ಲಿ ಒಂದಕ್ಷರವೂ ತಪ್ಪಿಲ್ಲ! ಕತ್ತೆತ್ತಿ, ತುಟಿ ಬಿಗಿದು, ನನ್ನ ಕಾನ್ವೆಂಟಿನ ಹೆಡ್‌ಮಿಸ್ಟ್ರೆಸ್ ಹಾಗೆಯೇ ನೋಡುತ್ತದೆಂದು ನಮ್ಮವರು 'ಮದರ್' ಎಂದು ಹೆಸರಿಟ್ಟಿದ್ದರು. ಹನ್ನೆರಡು ವರ್ಷ ಅದಕ್ಕೆ ಕೈಯಾರೆ ಉಣಿಸಿದ್ದರು.

ಕಡಲ ಗಾಳಿಯಲ್ಲಿ ಬೆಳೆದ ಮದರ್, ನಮ್ಮೂರ ಬೇಸಿಗೆಗೆ ಕಣ್ಣು ಊದಿಸಿಕೊಂಡು ಊಟ ಬಿಟ್ಟಿತು. ದನದ ಡಾಕ್ಟರು ಬಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಮ್ಮಾರೆ, ನಾನು ಕುರಿ, ಎಮ್ಮಿ ನೋಡಾವ್ರಿ!" ಎಂದವರೇ ಯಾರಿಗೋ ಫೋನು ಮಾಡಿ ಕೇಳಿದರು. "ಇದು ಮಳಿಕಾಡಿಂದಂತ. ಹಾಸಿಗಿ ತೇವ ಇರಬೇಕು, ಗಾಳಿನೂ ತೇವ ಇರಬೇಕು, ಎಪ್ಪತ್ತು ಪರ್ಸೆಂಟ್ ಮ್ಯಾಲೆ. ಇಲ್ಲಾಂದ್ರ ವಾಪಸ್ ಕಡಲಿನ ಕಡಿಗೆ ಕಳಿಸಿಬಿಡ್ರಿ."

"ಹಂಗಾದ್ರ ನಾನೂ ಅದರ ಸಂಗಾಟ ಹೋಗ್ತೀನಿ. ನಾದಿನಿ ಅಲ್ಲೇ ಅದಾಳಲ್ಲ" ಎಂದೆ. ನಮ್ಮವರು ಬಿಟ್ಟುಹೋದ ಜೀವವನ್ನು ಒಂಟಿಯಾಗಿ ಹೇಗೆ ಕಳಿಸಲಿ?

ತಮ್ಮ ಹೆಗಲ ಟವೆಲ್ ಕೊಡವಿದ. "ಎಪ್ಪತ್ತು ತಾನ? ಎಂಟು ದಿನ ಟೈಮ್ ಕೊಡಕ್ಕ."

ಮೊದಲು ಬಂದದ್ದು ಶೇಂಗಾ ಸಿಪ್ಪೆ. ಮತ್ತೇನು ಬರಬೇಕಿತ್ತು? ಎರಡು ಚೀಲ ಸುರಿದು ನೀರು ಹೊಯ್ದ. ಮೂರನೆಯ ದಿನಕ್ಕೆ ಸಿಪ್ಪೆಗೆಲ್ಲ ಬೂಷ್ಟು, ಮದರ್‌ಗೆ ಬಿಳಿ ಗಡ್ಡ!

"ಲೇ, ಆಮಿ ಸಾಕಾಕ ಹತ್ತೀಯೋ, ಅಣಬಿ ಬೆಳಿಯಾಕ ಹತ್ತೀಯೋ?" ಎಂದೆ.

ಆಮೇಲೆ ಕಾನಹೊಸಹಳ್ಳಿಯ ಕಡೆಯ ಕುರಿಯವರಿಂದ ಒಂದು ಕರಿ ಕಂಬಳಿ ತಂದು ನೆನೆಸಿ ಹಾಸಿದ. ಒದ್ದೆ ಕಂಬಳಿಯ ಪರಿಮಳಕ್ಕೆ ಪಕ್ಕದ ಮನೆಯಾಕೆ ಗೋಡೆಯ ಮೇಲೆ ತಲೆಯಿಟ್ಟು "ಟಗರು ತಂದೀರೇನ್ರೀ?" ಎಂದಳು. ಮದರ್‌ನ ಉಗುರು ಉಣ್ಣೆಗೆ ಸಿಕ್ಕಿಕೊಂಡಿತು. ಕಾನ್ವೆಂಟ್ ಚಾಪೆಲ್ಲಿನ ಮದುಮಗಳು ಗೌನು ಎಳೆದುಕೊಂಡು ನಡೆದಂತೆ, ಅದು ಕಂಬಳಿ ಎಳೆದುಕೊಂಡು ನಡುಮನೆಗೆ ಬಂತು. ಇಪ್ಪತ್ತು ನಿಮಿಷದ ಪ್ರೊಸೆಶನ್!

ಕಡೆಗೆ ತೆಂಗಿನ ನಾರಿನ ಪುಡಿ, ಮೇಲೆ ಒಣಗಿದ ಎಲೆ. ಇದು ಒಗ್ಗಿತು. ನಾನು ತೇವ ಅಳೆಯುವ ಮೀಟರ್ ತರಿಸಿ ಆ ಪುಡಿಯ ಮೇಲಿಟ್ಟೆ. ಸೆರಗಿನಿಂದ ಅದರ ಅಂಕಿ ಮುಚ್ಚಿ, "ಈಗ ಹೇಳು ನೋಡೋಣ" ಎಂದೆ. ಅವನು ಒಂದು ಚಿಟಿಕೆ ಪುಡಿ ಬಾಯಿಗಿಟ್ಟ. "ಐವತ್ತಕ್ಕ ಎರಡು ಕಮ್ಮಿ." ಸೆರಗು ಸರಿಸಿದೆ. ನಲವತ್ತೆಂಟು! ಮೂರು ಸಲ ನೋಡಿದೆ, ಮೂರೂ ಸಲ ಕರೆಕ್ಟ್. ನನ್ನ ಸೈನ್ಸ್ ಟೀಚರ್ ಇದ್ದಿದ್ದರೆ ಅಲ್ಲೇ ರಾಜೀನಾಮೆ ಕೊಡುತ್ತಿದ್ದರು.

"ನಿನ್ನ ಮಿಷನ್‌ಗೆ ಸೆಲ್ ಬೇಕು. ನನಗ ಒಂದು ಕಪ್ ಚಾ ಸಾಕು" ಎಂದು ಬೀಗಿದ.

ಆದರೆ ಎಪ್ಪತ್ತು ಇನ್ನೂ ದೂರವಿತ್ತು. ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟಿದ. ಒಲೆಯ ಮೇಲೆ ಹಂಡೆಯಿಟ್ಟು ದಿನವಿಡೀ ನೀರು ಕುದಿಸಿದ. ಹಪ್ಪಳ ಮೆತ್ತಗಾದವು, ಉಪ್ಪು ನೀರಾಯಿತು, ಬೆಂಕಿಪೊಟ್ಟಣ ಮುಷ್ಕರ ಹೂಡಿತು! ಹೊರಗೆ ಕಾದ ಬಾಣಲೆಯಂಥ ಊರು, ಒಳಗೆ ಇಡ್ಲಿಗಳ ಹಾಗೆ ಬೇಯುತ್ತಿರುವ ಅಕ್ಕ-ತಮ್ಮ. ಮೀಟರ್ ಎಪ್ಪತ್ತೆರಡು ತೋರಿಸಿತು.

ಮದರ್ ಮಾತ್ರ ಬಾಯಿ ತೆರೆಯಲಿಲ್ಲ. ಏಳನೆಯ ದಿನ ನಾನು ಸದ್ದಿಲ್ಲದೆ ಸೂಟ್‌ಕೇಸು ತುಂಬಿದೆ. ಅವನು ನೋಡಿದ. ನೋಡಿಯೂ ನೋಡದವನಂತೆ ಹೋಗಿ ಹಂಡೆಗೆ ನೀರು ತುಂಬಿದ.

ಎಂಟನೆಯ ದಿನ ಬೆಳಿಗ್ಗೆ ಮದರ್ ಕಣ್ಣು ಬಿಟ್ಟಿತು. ಕತ್ತು ಚಾಚಿ ಪಪ್ಪಾಯಿ ಹೋಳನ್ನು ಕಚ್ಚಿತು. ಇನ್ನೊಮ್ಮೆ ಕಚ್ಚಿತು. ಮೂತಿಯೆಲ್ಲ ಕೇಸರಿ!

ತಮ್ಮ ಕುಣಿದಾಡುತ್ತಾನೆ ಅಂದುಕೊಂಡಿದ್ದೆ. ಇಲ್ಲ, ಎದ್ದು ಹೊರಗಿನ ಕಟ್ಟೆಗೆ ಹೋದ. ಗೋಣಿಚೀಲದ ಸಂದಿಯಿಂದ ಮಾತು ಕೇಳಿಸಿತು. ಕಾರವಾರಕ್ಕೆ, ನನ್ನ ನಾದಿನಿಗೆ ಫೋನು.

"ಅಕ್ಕ ಬರಂಗಿಲ್ಲ ಬಿಡ್ರಿ. ಆಮಿ ತಿಂದೈತಿ." ಆ ಕಡೆಯಿಂದ ನಾದಿನಿ 'ಹುಚ್ಚು' ಎಂದು ನಕ್ಕಿರಬೇಕು. "ಹೌದ್ರಿ, ಹುಚ್ಚನ ನಾನು. ಏನ್ ಮಾಡ್ಲಿ? ಅವ್ವ ಹೋದ ಮ್ಯಾಲೆ ಇಪ್ಪತ್ತು ವರ್ಷ ಒಬ್ಬನೇ ಕುಂತು ಉಂಡೇನ್ರಿ."

ನಾನು ಸೂಟ್‌ಕೇಸು ತೆರೆದು ಸೀರೆಗಳನ್ನು ಒಂದೊಂದಾಗಿ ಬೀರುವಿಗೆ ಜೋಡಿಸಿದೆ. ಆಮೇಲೆ ಎರಡು ತಟ್ಟೆ ಹಾಕಿ, ಅಡುಗೆಮನೆಯಿಂದಲೇ ಕೂಗಿದೆ:

"ಲೇ, ರೊಟ್ಟಿ ಆರಾಕ ಹತ್ಯಾವ, ಬಾರೋ!"